ಹಾರಿಸಿ ತೆಗೆದ ಪಟಕ್ಕೆ ಬಹುಮಾನ ಬೇಡ

ಶಾಲೆಯಲ್ಲೋ ಊರಿನ ಕ್ಲಬ್ಬಿನಲ್ಲೋ ಹಕ್ಕಿಪಟಗಳ ಸ್ಪರ್ಧೆ ಇಟ್ಟರೆ ಬಹುಮಾನ ಯಾವುದಕ್ಕೆ ಹೋಗುತ್ತದೆ ನೋಡಿ. ಅಳಿವೆಯ ಮೇಲೆ ನೂರಾರು ಹಕ್ಕಿಗಳು ಒಟ್ಟಿಗೆ ಎದ್ದು ಹಾರಿದ ಪಟಕ್ಕೆ. ಅವು ಯಾಕೆ ಹಾರಿದವು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಗಿಡುಗ ಎರಗಿ ಹಾರಿರಬಹುದು. ಆದರೆ ಎಷ್ಟೋ ಸಲ ಗೆಳೆಯನೊಬ್ಬ ಹೊಯಿಗೆಯಲ್ಲಿ ಓಡಿ ಹಾರಿಸಿರುತ್ತಾನೆ, ಇನ್ನೊಬ್ಬ ಪಟ ಹೊಡೆದಿರುತ್ತಾನೆ.

ಹಕ್ಕಿ ಅಂದ ಮೇಲೆ ಹಾರುವುದೇ, ಅದರಲ್ಲಿ ಎಂತ ತಪ್ಪು ಮಾರಾಯ್ರೆ ಎನ್ನುವವರುಂಟು. ಅವರು ಸ್ವಲ್ಪ ಲೆಕ್ಕ ಹಾಕಲಿ. ಮಳೆಗಾಲ ಕಳೆದ ಮೇಲೆ ನಮ್ಮ ಕರಾವಳಿಗೆ ಬರುವ ಲಿಟ್ಲ್ ಸ್ಟಿಂಟ್ ಹಕ್ಕಿಯ ತೂಕ ಸುಮಾರು 25 ಗ್ರಾಂ. ಅದು ಮೊಟ್ಟೆಯಿಟ್ಟು ಮರಿ ಮಾಡುವುದು ಉತ್ತರ ಧ್ರುವದ ಹತ್ತಿರ, ಸೈಬೀರಿಯಾದ ಕಡೆ. ಅಳಿವೆಯಲ್ಲಿ ನೀರು ಇಳಿದು ಕೆಸರು ತೆರೆದಾಗ ಅದಕ್ಕೆ ಹುಳಹುಪ್ಪಟೆ ಸಿಗುತ್ತದೆ. ಭರತ ಏರಿದರೆ ಊಟ ಬಂದ್. ಆಗ ಹೊಯಿಗೆಯ ದಿಣ್ಣೆಯಲ್ಲಿ ಸುಮ್ಮನೆ ನಿಂತು ತಿಂದದ್ದನ್ನು ಮೈಗೆ ಹಿಡಿಸಿಕೊಳ್ಳಬೇಕು. ವಾಪಸು ಹೊರಡುವ ಮೊದಲು ಮೈತುಂಬ ಕೊಬ್ಬು ಕೂಡಿಸಬೇಕು. ದಾರಿಖರ್ಚಿಗೆ ಇರುವುದು ಅದೇ. ನಾವು ಒಂದೇ ಸಲ ಹಾರಿಸಿದ್ದು ಅನ್ನುತ್ತೇವೆ. ಅದೇ ದಿನ ನಾಯಿ, ಬೈಕು, ಇನ್ನೊಂದು ಕ್ಯಾಮರಾ ಕೂಡ ಹಾರಿಸಿರುತ್ತವೆ.

ಹಾರಿದರೆ ಮಾತ್ರ ರೆಕ್ಕೆಯ ಬಿಳಿಪಟ್ಟಿ ಕಾಣುವುದು, ಗುರುತಿಸಲು ಅದು ಬೇಕು ಎಂಬ ವಾದವೂ ಉಂಟು. ಇದು ಅರ್ಧ ಸತ್ಯ. ರೆಡ್‌ಶ್ಯಾಂಕಿನ ಕೆಂಪು ಕಾಲು ನಿಂತಾಗಲೇ ಕಾಣುತ್ತದೆ. ಕೆಂಟಿಷ್ ಪ್ಲೋವರಿಗೆ ಕುತ್ತಿಗೆಯ ಹಿಂದೆ ಬಿಳಿ ಪಟ್ಟಿ ಉಂಟು, ಸ್ಯಾಂಡ್ ಪ್ಲೋವರಿಗೆ ಇಲ್ಲ. ವಿಂಬ್ರೆಲಿಗೆ ತಲೆಯ ಮೇಲೆ ಗೆರೆಗಳುಂಟು, ಕರ್ಲ್ಯೂವಿಗೆ ಇಲ್ಲ. ಕಾಮನ್ ಸ್ಯಾಂಡ್‌ಪೈಪರ್ ಹಿಂಭಾಗ ಕುಣಿಸುತ್ತಲೇ ನಡೆಯುತ್ತದೆ. ಗಾಬರಿಯಿಂದ ಎದ್ದ ಹಿಂಡಿನ ಪಟದಲ್ಲಿ ಇಂಥ ಗುರುತುಗಳು ಸರಿಯಾಗಿ ಕಾಣುವುದೇ ಕಷ್ಟ. ರೆಕ್ಕೆಯ ಪಟ್ಟಿ ಬೇಕೇಬೇಕಾದರೆ ಕಾಯಿರಿ. ಹಕ್ಕಿ ತಾನೇ ಮೈಮುರಿದು ರೆಕ್ಕೆ ಚಾಚುತ್ತದೆ.

ಕಾಯುವುದಕ್ಕೂ ಒಂದು ಕ್ರಮ ಉಂಟು. ಕುಂಬಳೆಯಲ್ಲಾಗಲಿ ಶಿರಿಯದಲ್ಲಾಗಲಿ, ನೀರು ಏರುವ ಮೊದಲೇ ಹೋಗಿ, ಬಿಸಿಲಿಗೆ ಬೆನ್ನು ಹಾಕಿ, ತಗ್ಗಿ ಕೂತುಕೊಳ್ಳಿ. ಏರುವ ನೀರೇ ಹಕ್ಕಿಗಳನ್ನು ನಿಮ್ಮ ಹತ್ತಿರ ತರುತ್ತದೆ. ಅವು ತಿನ್ನುವುದನ್ನು ಬಿಟ್ಟು ತಲೆಯೆತ್ತಿ ನೋಡಿದರೆ ನೀವು ಕೂತದ್ದು ತೀರಾ ಹತ್ತಿರವಾಯಿತು ಎಂದು ಅರ್ಥ. ಮೆಲ್ಲ ಹಿಂದೆ ಸರಿಯಿರಿ.

ಮಾಷ್ಟ್ರುಗಳಲ್ಲಿ, ಟೀಚರುಗಳಲ್ಲಿ ಒಂದು ಮಾತು. ಮಕ್ಕಳು ಕಲಿಯುವುದು ನಾವು ಬಹುಮಾನ ಕೊಟ್ಟದ್ದನ್ನೇ. ಪ್ರತಿ ಪಟದ ಹಿಂದೆ ತಾರೀಕು, ಹೊತ್ತು, ಭರತವೋ ಇಳಿತವೋ, ಹಕ್ಕಿ ಏನು ಮಾಡುತ್ತಿತ್ತು, ಯಾವ ಗುರುತಿನಿಂದ ಹೆಸರು ಹೇಳಿದ್ದು ಎಂದು ಬರೆಸಿ. ಹಾರಿಸಿ ತೆಗೆದದ್ದಾದರೆ, ಎಷ್ಟು ಚಂದ ಇದ್ದರೂ ಬದಿಗಿಡಿ. ನಿಂತ ಹಕ್ಕಿಯ ಕಾಲು, ಕೊಕ್ಕು ನೋಡಿ ಸರಿಯಾಗಿ ಹೆಸರು ಹೇಳಿದ ಮಗುವಿಗೆ, ಪಟ ಮಸುಕಾಗಿದ್ದರೂ, ಬಹುಮಾನ ಕೊಡಿ. ಈ ವರ್ಷದಿಂದಲೇ ಕೊಡಿ.