ಇದ್ದೂ ಸಿಗದ ಕಬ್ಬಿಣ
ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಎರೆಹೊಲಗಳಲ್ಲಿ ಕಬ್ಬಿಣಕ್ಕೇನೂ ಬರವಿಲ್ಲ. ಭೂಮಿಯ ಹೊರಪದರದ ತೂಕದಲ್ಲಿ ಸುಮಾರು ಶೇಕಡಾ 5 ಭಾಗ ಅದೇ. ಆದರೂ ಸುಣ್ಣದಂಶ ಹೆಚ್ಚಿರುವ ಕಡೆ ಶೇಂಗಾದ ಎಳೆ ಎಲೆಗಳು ಕಬ್ಬಿಣ ಸಿಗದೆ ಹಳದಿಯಾಗುವುದುಂಟು. ಇಂಥ ಮಣ್ಣಿನಲ್ಲಿ ಕಬ್ಬಿಣ ತುಕ್ಕಿನಂತೆ ಗಟ್ಟಿಯಾಗಿ ಕೂರುತ್ತದೆ, ನೀರಿನಲ್ಲಿ ಕರಗುವುದಿಲ್ಲ.

ಬೇರಿನ ಸುತ್ತಲಿನ ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾಗಳು ಇದಕ್ಕೊಂದು ಉಪಾಯ ಕಂಡುಕೊಂಡಿವೆ. ಅವು ಸೂಸುವ ‘ಸಿಡೆರೋಫೋರ್’ ಎಂಬ ಪುಟ್ಟ ಅಣುಗಳು ಇಕ್ಕಳದಂತೆ ಕಬ್ಬಿಣವನ್ನು ಕಚ್ಚಿ ತರುತ್ತವೆ. ಕಬ್ಬಿಣ ತೀರಾ ವಿರಳವಾದ ಕಡಲಿನಲ್ಲೂ ಬ್ಯಾಕ್ಟೀರಿಯಾಗಳದು ಇದೇ ತಂತ್ರ. ಆದರೆ ಅಲ್ಲಿ ಬಿಟ್ಟದ್ದು ನೀರುಪಾಲು! ಹಾಗಾಗಿ ಕೆಲವು ತಮ್ಮ ಇಕ್ಕಳಕ್ಕೆ ಕೊಬ್ಬಿನ ಬಾಲ ಜೋಡಿಸಿ ಮೈಗೆ ಅಂಟಿಸಿಕೊಳ್ಳುತ್ತವೆ.

ಇತ್ತ ಹೊಲದಲ್ಲಿ, ಸುಣ್ಣದ ಎರೆಗೆ ಅನ್ನಭೇದಿ ಎರಚಿದರೆ ಅದೂ ಬೇಗನೆ ಗಟ್ಟಿಕೊಳ್ಳುತ್ತದೆ. ನೀರಿನಲ್ಲಿ ಕರಗಿಸಿ ಎಲೆಗೆ ಸಿಂಪಡಿಸುವುದೇ ಲೇಸು.