ಹಳೆಯ ಗ್ಲೈಡರ್ ಕೊಳ್ಳಿ, ಆದರೆ ಒಂಟಿಯಾಗಿ ಕೊಳ್ಳಬೇಡಿ



ಬೇಸಿಗೆಯ ರಜೆಯಲ್ಲಿ ನಮ್ಮಲ್ಲಿ ಅನೇಕರು ನಾರ್ತ್ ಕ್ಯಾರೊಲೈನಾದ ಔಟರ್ ಬ್ಯಾಂಕ್ಸ್ ಕಡಲತೀರಕ್ಕೆ ಹೋಗುತ್ತೇವೆ. ಕಿಲ್ ಡೆವಿಲ್ ಹಿಲ್ಸ್‌ನ ರೈಟ್ ಸಹೋದರರ ಸ್ಮಾರಕದ ಮುಂದೆ ಮಕ್ಕಳನ್ನು ನಿಲ್ಲಿಸಿ ಚಿತ್ರ ತೆಗೆಯುತ್ತೇವೆ. 1903ರ ಎಂಜಿನ್ ವಿಮಾನದ ಕಥೆ ಎಲ್ಲರಿಗೂ ತಿಳಿದದ್ದೇ. ಅದಕ್ಕೆ ಮೊದಲು ಆ ಸಹೋದರರು 1900ರಿಂದ ಅದೇ ಮರಳಿನ ಮೇಲೆ ಗ್ಲೈಡರ್‌ಗಳನ್ನು, ಅಂದರೆ ಎಂಜಿನ್ ಇಲ್ಲದ ವಿಮಾನಗಳನ್ನು, ಹಾರಿಸಿ ಕಲಿತರೆಂಬುದು ಅಷ್ಟಾಗಿ ನೆನಪಿನಲ್ಲಿ ಉಳಿಯುವುದಿಲ್ಲ. 1900ರ ಗ್ಲೈಡರನ್ನು ಅವರು ಪ್ರಯೋಗ ಮುಗಿದ ಮೇಲೆ ಕಿಟಿ ಹಾಕ್‌ನಲ್ಲಿಯೇ ಬಿಟ್ಟು ಹೊರಟರು. ಅವರಿಗೆ ನೆರವಾಗಿದ್ದ ಟೇಟ್ ಮನೆತನದ ಗೃಹಿಣಿ ಅದರ ರೆಕ್ಕೆಯ ಸ್ಯಾಟೀನ್ ಬಟ್ಟೆಯನ್ನು ಬಿಚ್ಚಿ ತನ್ನ ಇಬ್ಬರು ಹೆಣ್ಣುಮಕ್ಕಳಿಗೆ ಉಡುಪು ಹೊಲಿದಳು. ಹಳೆಯ ಗ್ಲೈಡರಿನಿಂದ ನಷ್ಟವಿಲ್ಲದೆ ಲಾಭ ಪಡೆದ ಕುಟುಂಬ ಅದೊಂದೇ ಇರಬೇಕೆಂದು ನಾವು ಆಗಾಗ ನಗೆಯಾಡುವುದುಂಟು.

‘ನಾವು’ ಎಂದರೆ ವಾಷಿಂಗ್ಟನ್ ಡಿ.ಸಿ. ಆಸುಪಾಸಿನ ಮೂರು ಕನ್ನಡ ಕುಟುಂಬಗಳು. ಯುಗಾದಿ, ರಾಜ್ಯೋತ್ಸವಗಳ ಊಟದ ಸಾಲಿನಲ್ಲಿ ಪರಿಚಯವಾಗಿ, ಗ್ಲೈಡರ್ ಕ್ಲಬ್ಬಿನ ಹುಲ್ಲುಗಾವಲಿನಲ್ಲಿ ಹತ್ತಿರವಾದವರು. ಪ್ರತಿ ಮನೆಯಲ್ಲಿಯೂ ಒಬ್ಬರು ಪೈಲಟ್ ಪರವಾನಗಿ ಪಡೆದಿದ್ದೇವೆ. ಅನುಭವ ಮಾತ್ರ ಇನ್ನೂ ಎಳೆಯದು. ಅಟ್ಲಾಂಟ, ಷಾರ್ಲಟ್, ರಾಲಿ ಕಡೆಯ ಸ್ನೇಹಿತರು ಈಚೆಗೆ ನಮ್ಮನ್ನು ಕೇಳುತ್ತಿದ್ದಾರೆ: ‘ಕಡಿಮೆ ಬೆಲೆಗೆ ಒಂದು ಹಳೆಯ ಗ್ಲೈಡರ್ ಕೊಳ್ಳಬಹುದೇ?’ ಕೊಳ್ಳಬಹುದು, ಆದರೆ ಒಂಟಿಯಾಗಿ ಕೊಳ್ಳಬಾರದು ಎಂಬುದು ನಮ್ಮ ದೃಢವಾದ ಅಭಿಪ್ರಾಯ. ಈ ಅಭಿಪ್ರಾಯಕ್ಕೆ ನಾವು ಬೆಲೆ ತೆತ್ತಿದ್ದೇವೆ.

ಮೊದಲು ನಮ್ಮ ತಪ್ಪನ್ನು ಹೇಳಿಬಿಡುವುದು ಲೇಸು. ಪರವಾನಗಿ ಕೈಗೆ ಬಂದ ಹೊಸತರಲ್ಲಿ ಜಾರ್ಜಿಯಾದಲ್ಲಿ ಒಂದು ಫೈಬರ್‌ಗ್ಲಾಸ್ ಗ್ಲೈಡರ್ ಮಾರಾಟಕ್ಕಿದೆಯೆಂದು ತಿಳಿಯಿತು. ಬೆಲೆ ನಂಬಲಾಗದಷ್ಟು ಕಡಿಮೆ. ಬೇರೆಯವರು ಕೊಂಡುಬಿಟ್ಟಾರೆಂಬ ಆತುರದಲ್ಲಿ ನಮ್ಮಲ್ಲಿ ಒಬ್ಬರು ಮುಂಗಡ 500 ಡಾಲರ್ ಕಳುಹಿಸಿಯೇಬಿಟ್ಟರು. ಅನಂತರ ಇಬ್ಬರು ಹತ್ತು ಗಂಟೆ ಕಾರು ಓಡಿಸಿ ಹೋಗಿ ನೋಡಿದೆವು. ಬಿಳಿಯ ರೆಕ್ಕೆಗಳು ಹೊಳೆಯುತ್ತಿದ್ದವು, ಮನಸ್ಸು ಸೋತಿತು. ಊರಿಗೆ ಮರಳಿ ಕ್ಲಬ್ಬಿನ ಹಿರಿಯ ಶಿಕ್ಷಕರೊಬ್ಬರಿಗೆ ಸಂಭ್ರಮದಿಂದ ವಿಷಯ ತಿಳಿಸಿದಾಗ ಅವರು ಮೂರೇ ಪ್ರಶ್ನೆ ಕೇಳಿದರು. ಕೊನೆಯ ವಾರ್ಷಿಕ ತಪಾಸಣೆ ಯಾವಾಗ ನಡೆಯಿತು? ಟ್ರೇಲರಿನ ನೆಲಹಲಗೆಯನ್ನು ಕಾಲಿನಿಂದ ಒತ್ತಿ ನೋಡಿದಿರಾ? ರೆಕ್ಕೆಯ ಮೇಲ್ಪದರವನ್ನು ಓರೆ ಬೆಳಕಿನಲ್ಲಿ ನೋಡಿದಿರಾ?

ಮೂರಕ್ಕೂ ನಮ್ಮಲ್ಲಿ ಉತ್ತರವಿರಲಿಲ್ಲ. ಅವರ ಸಲಹೆಯಂತೆ ಮಾರುವವರಿಗೆ ಸಂಬಂಧವಿಲ್ಲದ ಒಬ್ಬ ಮೆಕ್ಯಾನಿಕ್ಕಿಗೆ ಹಣ ಕೊಟ್ಟು ಪರೀಕ್ಷೆ ಮಾಡಿಸಿದೆವು. ತಪಾಸಣೆ ನಡೆದು ನಾಲ್ಕು ವರ್ಷ ಕಳೆದಿತ್ತು. ಟ್ರೇಲರಿನೊಳಗೆ ನೀರು ಸೋರಿ ಮರ ಮೆತ್ತಗಾಗಿತ್ತು. ರೆಕ್ಕೆಯ ಜೆಲ್‌ಕೋಟ್ ಎಂಬ ಹೊಳಪಿನ ಪದರದ ಉದ್ದಕ್ಕೂ ಕೂದಲೆಳೆಯಂಥ ಬಿರುಕುಗಳಿದ್ದವು. ಆ ಪದರವನ್ನು ಕೆರೆದು ಹೊಸದಾಗಿ ಹಾಕಿಸುವ ಖರ್ಚು ಗ್ಲೈಡರಿನ ಬೆಲೆಯನ್ನೇ ಮೀರುತ್ತಿತ್ತು. ಮುಂಗಡ ಮರಳಿ ಬರಲಿಲ್ಲ. ಅಗ್ಗವೆಂದು ಮುಗ್ಗಿದ ಜೋಳ ಕೊಂಡವರ ಗಾದೆಯನ್ನು ಅಜ್ಜಿಯರಿಂದ ಕೇಳಿ ಬೆಳೆದ ನಾವು, ವಿಮಾನದ ವಿಷಯದಲ್ಲಿ ಅದನ್ನು ಮರೆತಿದ್ದೆವು.

ಹೊಸ ಪೈಲಟ್ಟಿಗೆ ಮೊದಲು ಮೋಹ ಹುಟ್ಟಿಸುವುದು ಜಾರುವ ಅನುಪಾತ. ಒಂದು ಮೀಟರ್ ಎತ್ತರ ಕಳೆದುಕೊಳ್ಳುವಷ್ಟರಲ್ಲಿ ಗ್ಲೈಡರು ಎಷ್ಟು ಮೀಟರ್ ಮುಂದೆ ಹೋಗುತ್ತದೆಂಬ ಲೆಕ್ಕ ಅದು. ನ್ಯೂಯಾರ್ಕಿನ ಎಲ್ಮೈರಾದ ಶ್ವೈಟ್ಜರ್ ಕಂಪನಿ 1954ರಿಂದ 1979ರವರೆಗೆ ಸುಮಾರು 700ರಷ್ಟು ತಯಾರಿಸಿದ ಒಂಟಿ ಆಸನದ 1-26 ಮಾದರಿಗೆ ಅದು 23. ಜರ್ಮನಿಯ ಸ್ಟ್ಯಾಂಡರ್ಡ್ ಸಿರಸ್, ಗ್ರೋಬ್ ಆಸ್ಟಿರ್‌ಗಳಿಗೆ 38ರ ಆಸುಪಾಸು. ಮೈಸೂರಿನ ನೆಲಮಟ್ಟದಿಂದ ಚಾಮುಂಡಿ ಬೆಟ್ಟದ ತುದಿ ಸುಮಾರು 300 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಹೊರಟರೆ ನಿಶ್ಚಲವಾದ ಗಾಳಿಯಲ್ಲಿ ಮೊದಲನೆಯದು ಸುಮಾರು 7 ಕಿಲೋಮೀಟರ್ ಸಾಗೀತು, ಎರಡನೆಯದು 11ನ್ನು ದಾಟೀತು. ಅಂತರ ದೊಡ್ಡದೇ. ಆದರೆ ಮೊದಲ ಎರಡು ವರ್ಷ ನಾವು ಹಾರುವುದು ನಮ್ಮದೇ ನಿಲ್ದಾಣ ಕಣ್ಣಿಗೆ ಕಾಣುವಷ್ಟು ದೂರದಲ್ಲಿ. ಆಗ ಬೇಕಾದದ್ದು ಮೇಲೇರುವ ಬಿಸಿಗಾಳಿಯನ್ನು ಗುರುತಿಸುವ ಕಣ್ಣು, ತಪ್ಪನ್ನು ಕ್ಷಮಿಸುವ ರೆಕ್ಕೆ, ಸಣ್ಣ ಜಾಗದಲ್ಲಿ ಇಳಿಯಬಲ್ಲ ನಿಧಾನ. ಈ ಮೂರನ್ನೂ 1-26 ಧಾರಾಳವಾಗಿ ಕೊಡುತ್ತದೆ. ಸ್ಥಿತಿ ನೋಡಿಕೊಂಡು ಅದು ಒಂದು ಸಾಧಾರಣ ಹಳೆಯ ಕಾರಿನ ಬೆಲೆಗೆ ಸಿಗುತ್ತದೆ. ಸಿರಸ್, ಆಸ್ಟಿರ್‌ಗಳಿಗೆ ಹೆಚ್ಚು ತೆರಬೇಕು.

ಇದರಿಂದ ಆಸ್ಟಿರ್ ಕಳಪೆಯೆಂದು ಯಾರೂ ತಿಳಿಯಬಾರದು. ನಾವು ಮಕ್ಕಳನ್ನು ಕರೆದುಕೊಂಡು ಹೋಗುವ ಶಾಂಟಿಲಿಯ ಉಡ್ವಾರ್-ಹೇಜಿ ಕೇಂದ್ರದಲ್ಲಿ ಒಂದು ಗ್ರೋಬ್ ಆಸ್ಟಿರ್ ಇದೆ. 1986ರ ಫೆಬ್ರುವರಿಯಲ್ಲಿ ರಾಬರ್ಟ್ ಹ್ಯಾರಿಸ್ ಅದರಲ್ಲಿ ಕ್ಯಾಲಿಫೋರ್ನಿಯಾದ ಆಕಾಶದಲ್ಲಿ 49,009 ಅಡಿ ಎತ್ತರಕ್ಕೇರಿ ವಿಶ್ವದಾಖಲೆ ಮಾಡಿದರು. ಸಾಧಾರಣ ಗ್ಲೈಡರ್ ಅಸಾಧಾರಣ ಪೈಲಟ್ಟಿನ ಕೈಯಲ್ಲಿ ಎಲ್ಲಿಗೇರಬಲ್ಲದೆಂಬುದಕ್ಕೆ ಅದೇ ಸಾಕ್ಷಿ. ಕೈ ಪಳಗುವ ಮುನ್ನ ಅನುಪಾತಕ್ಕೆ ಹಣ ಸುರಿಯುವುದು ವ್ಯರ್ಥ.

ಬೆಲೆ ತೀರ ಕಡಿಮೆಯಿದ್ದರೆ ಅದಕ್ಕೊಂದು ಕಾರಣವಿರುತ್ತದೆ. ಜೆಕ್ ದೇಶದ ಎಲ್-13 ಬ್ಲಾನಿಕ್ ಎಂಬ ಎರಡು ಆಸನದ ಲೋಹದ ಗ್ಲೈಡರಿನಲ್ಲಿ ಜಗತ್ತಿನಾದ್ಯಂತ ಸಾವಿರಾರು ಜನ ಕಲಿತರು. 2010ರ ಜೂನ್‌ನಲ್ಲಿ ಆಸ್ಟ್ರಿಯಾದಲ್ಲಿ ಒಂದು ಬ್ಲಾನಿಕ್‌ನ ರೆಕ್ಕೆ ಲೋಹದ ದಣಿವಿನಿಂದ ಮುರಿದು ಇಬ್ಬರು ಮೃತಪಟ್ಟರು. ಆ ಬಳಿಕ ಅಮೆರಿಕವೂ ಸೇರಿದಂತೆ ಎಲ್ಲೆಡೆ ಆ ಮಾದರಿಯ ಹಾರಾಟವನ್ನು ತಡೆಹಿಡಿಯಲಾಯಿತು. ಆದುದರಿಂದ ಕೊಳ್ಳುವ ಮಾದರಿಯ ಮೇಲೆ ಹೊರಟಿರುವ ಸುರಕ್ಷತಾ ಆದೇಶಗಳನ್ನೆಲ್ಲ ಓದಿ, ಪ್ರತಿಯೊಂದನ್ನೂ ಪಾಲಿಸಿರುವ ಗುರುತು ಲಾಗ್‌ಬುಕ್ಕಿನಲ್ಲಿದೆಯೇ ಎಂದು ನೋಡಲೇಬೇಕು. ಇಲ್ಲಿ ವಾರ್ಷಿಕ ತಪಾಸಣೆ ಕಡ್ಡಾಯ. ಹನ್ನೆರಡು ತಿಂಗಳು ಮೀರಿದರೆ ಗ್ಲೈಡರ್ ಹಾರುವಂತಿಲ್ಲ. ಲಾಗ್‌ಬುಕ್ ಕಳೆದುಹೋಗಿದೆ ಎನ್ನುವವರಿಗೆ ಕೈಮುಗಿದು ಹಿಂದಿರುಗಿ. ಐರೋಪ್ಯ ಗ್ಲೈಡರುಗಳಲ್ಲಿ ಹಲವು ‘ಪ್ರಾಯೋಗಿಕ’ ವರ್ಗದ ಪ್ರಮಾಣಪತ್ರದಲ್ಲಿ ಹಾರುತ್ತವೆ; ಅದರ ಷರತ್ತುಗಳನ್ನೂ ಕೇಳಿ ತಿಳಿಯಿರಿ. ಇನ್ನೊಂದು ಸಣ್ಣ ಮಾತು: ಅನೇಕ ಗ್ಲೈಡರುಗಳಿಗೆ ಪೈಲಟ್ಟಿನ ಕನಿಷ್ಠ ತೂಕ ನಿಗದಿಯಾಗಿರುತ್ತದೆ. ನಮ್ಮಲ್ಲಿ ತೆಳ್ಳಗಿನವರು, ಮುಖ್ಯವಾಗಿ ಹೆಂಗಸರು ಮತ್ತು ಹದಿಹರೆಯದವರು, ಸೀಸದ ತೂಕ ಸೇರಿಸಿಕೊಂಡೇ ಕೂರಬೇಕಾದೀತು.

ಇಷ್ಟನ್ನೂ ಹೊಸಬನೊಬ್ಬ ತಾನೇ ತಿಳಿಯಲಾರ. ಆದಕಾರಣ ಕೊಳ್ಳುವ ಮುನ್ನ ಒಂದೆರಡು ವರ್ಷ ಕ್ಲಬ್ಬಿನಲ್ಲಿ ಇರಿ. ನಮ್ಮ ಭಾಗದವರಿಗೆ ವರ್ಜೀನಿಯಾದ ಫ್ರಂಟ್ ರಾಯಲ್‌ನಲ್ಲಿ ಸ್ಕೈಲೈನ್ ಸೋರಿಂಗ್ ಕ್ಲಬ್, ಪೆನ್ಸಿಲ್ವೇನಿಯಾದ ಫೇರ್‌ಫೀಲ್ಡ್‌ನಲ್ಲಿ ಮಿಡ್-ಅಟ್ಲಾಂಟಿಕ್ ಸೋರಿಂಗ್ ಅಸೋಸಿಯೇಷನ್ ಇವೆ. ಷಾರ್ಲಟ್ ಕಡೆಯವರಿಗೆ ಸೌತ್ ಕ್ಯಾರೊಲೈನಾದ ಲ್ಯಾಂಕಾಸ್ಟರ್ ಬಳಿ ಬರ್ಮುಡಾ ಹೈ, ಅಟ್ಲಾಂಟದವರಿಗೆ ಟೆನೆಸಿಯ ಬೆಂಟನ್ ಬಳಿಯ ಚಿಲ್‌ಹೌವಿ ಎಟುಕುವ ದೂರದಲ್ಲಿವೆ. ಮಕ್ಕಳು 14ನೆಯ ವಯಸ್ಸಿಗೆ ಒಂಟಿಯಾಗಿ ಹಾರಬಹುದು, 16ಕ್ಕೆ ಪರವಾನಗಿ ಪಡೆಯಬಹುದು. ಗ್ಲೈಡರ್ ಪೈಲಟ್ಟಿಗೆ ವೈದ್ಯಕೀಯ ಪ್ರಮಾಣಪತ್ರ ಬೇಕಿಲ್ಲ. ಆದರೆ ತನಗೆ ಅಪಾಯಕಾರಿಯಾದ ಕಾಯಿಲೆಯಿದೆಯೆಂದು ತಿಳಿದೂ ಹಾರುವುದು ಕಾನೂನಿಗೆ ವಿರುದ್ಧ. ರಾಜಧಾನಿಯ ಸುತ್ತ 30 ನಾಟಿಕಲ್ ಮೈಲಿಯೊಳಗಿನ ಆಕಾಶಕ್ಕೆ ವಿಶೇಷ ನಿರ್ಬಂಧಗಳಿವೆ. 60 ಮೈಲಿಯೊಳಗೆ ಹಾರುವವರು ಅದರ ಬಗೆಗಿನ ಪಾಠವನ್ನು ಮುಗಿಸಿರಬೇಕು. ಇವೆಲ್ಲ ಕ್ಲಬ್ಬಿನ ಹಿರಿಯರ ಜೊತೆಯಲ್ಲಿ ಸಹಜವಾಗಿ ಮೈಗೂಡುತ್ತವೆ.

ಈಗ ಹೆಚ್ಚಿನ ಕನ್ನಡ ಮನೆಗಳಿಗೆ ತಟ್ಟುವ ವಿಷಯಕ್ಕೆ ಬರುತ್ತೇವೆ. ಅಮೆರಿಕದಲ್ಲಿ ವಿಮಾನವನ್ನು ತನ್ನ ಹೆಸರಿನಲ್ಲಿ ನೋಂದಾಯಿಸಲು ಪೌರತ್ವ ಅಥವಾ ಗ್ರೀನ್ ಕಾರ್ಡ್ ಇರಬೇಕು. ಗ್ಲೈಡರೂ ಕಾನೂನಿನ ಕಣ್ಣಿಗೆ ವಿಮಾನವೇ. ಎಚ್-1ಬಿ ವೀಸಾದ ಮೇಲೆ ಮನೆ ಕೊಳ್ಳಬಹುದು, ಕಾರು ಕೊಳ್ಳಬಹುದು. ಗ್ಲೈಡರನ್ನು ತನ್ನ ಹೆಸರಿಗೆ ಮಾಡಿಕೊಳ್ಳಲಾಗದು. ಜಂಟಿಯಾಗಿ ಕೊಂಡರೂ ಪ್ರತಿಯೊಬ್ಬ ಪಾಲುದಾರನಿಗೂ ಅದೇ ನಿಯಮ. ನಮ್ಮ ಮೂರನೆಯ ಕುಟುಂಬದ ಸ್ನೇಹಿತರು ಹನ್ನೆರಡು ವರ್ಷಗಳಿಂದ ಗ್ರೀನ್ ಕಾರ್ಡಿನ ಸಾಲಿನಲ್ಲಿದ್ದಾರೆ. ಗ್ಲೈಡರಿನ ಹುಚ್ಚನ್ನು ನಮಗೆಲ್ಲ ಹಿಡಿಸಿದವರೇ ಅವರು. ಕಾಗದಪತ್ರ ಬರೆಯುವ ದಿನ ಅವರ ಹೆಸರನ್ನು ಬಿಟ್ಟು ಬರೆಯಬೇಕಾಯಿತು. ಅಡುಗೆಮನೆಯ ಮೇಜಿನ ಸುತ್ತ ಕುಳಿತಿದ್ದ ನಮ್ಮಲ್ಲಿ ಯಾರಿಗೂ ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ. ‘ಹೆಸರು ಇಲ್ಲದಿದ್ದರೇನು, ರೆಕ್ಕೆ ಹಿಡಿದು ಓಡಲು ವೀಸಾ ಕೇಳುವುದಿಲ್ಲವಲ್ಲ’ ಎಂದು ಅವರೇ ನಗಿಸಿದರು.

ನಾವು ಕೊನೆಗೆ ಕೊಂಡದ್ದು ಸೌತ್ ಕ್ಯಾರೊಲೈನಾದ ವೃದ್ಧ ಪೈಲಟ್ಟೊಬ್ಬರ ಬಳಿಯಿದ್ದ 1-26. ಲಾಗ್‌ಬುಕ್ ಮೊದಲ ಹಾಳೆಯಿಂದ ಪೂರ್ತಿಯಾಗಿತ್ತು, ಟ್ರೇಲರ್ ಭದ್ರವಾಗಿತ್ತು. ಬೆಲೆ 9,000 ಡಾಲರ್. ನೋಂದಣಿಗೆ ಅರ್ಹರಾದ ಎರಡು ಕುಟುಂಬಗಳು ತಲಾ 4,500 ಹಾಕಿದವು. ಮೂರನೆಯವರಿಂದ ಖರೀದಿಯ ಹಣ ಪಡೆಯಲಿಲ್ಲ. ಅವರು ವಿಮೆಯ ಪತ್ರದಲ್ಲಿ ಪೈಲಟ್ ಆಗಿ ಸೇರಿ, ವರ್ಷದ ನಿರ್ವಹಣೆಯಲ್ಲಿ ಮಾತ್ರ ಪಾಲು ಕೊಡುತ್ತಾರೆ. ವಿಮೆ, ತಪಾಸಣೆ, ನಿಲುಗಡೆಯ ಬಾಡಿಗೆ ಸೇರಿ ಕಳೆದ ವರ್ಷ 2,400 ಡಾಲರ್ ಆಯಿತು, ತಲಾ 800. ಮೇಲಕ್ಕೆಳೆದು ಬಿಡುವ ವಿಮಾನದ ಶುಲ್ಕ ಹಾರಿದವರದು.

ಪಾಲುದಾರಿಕೆಯೆಂದರೆ ಜಗಳಕ್ಕೆ ಬೀಜ ಎನ್ನುವವರಿದ್ದಾರೆ. ಅಣ್ಣತಮ್ಮಂದಿರ ನಡುವೆಯೇ ಬಾವಿಯ ನೀರಿಗೆ ವ್ಯಾಜ್ಯ ನಡೆದುದನ್ನು ಕಂಡವರು ನಾವು. ಆ ಮಾತನ್ನು ತಳ್ಳಿಹಾಕುವುದಿಲ್ಲ. ಸ್ನೇಹ ಉಳಿಯಬೇಕಾದರೆ ಕಾಗದ ಇರಬೇಕು. ಯಾವ ಶನಿವಾರ ಯಾರದು, ಪೆಟ್ಟಾದರೆ ವಿಮೆ ಕೊಡದ ಮೊತ್ತವನ್ನು ಯಾರು ಭರಿಸಬೇಕು, ಒಬ್ಬರು ಬೇರೆ ಊರಿಗೆ ಹೋದರೆ ಪಾಲಿನ ಬೆಲೆಯನ್ನು ಹೇಗೆ ಕಟ್ಟಬೇಕು ಎಂಬುದನ್ನೆಲ್ಲ ಎರಡು ಪುಟದಲ್ಲಿ ಬರೆದು ಸಹಿ ಹಾಕಿದ್ದೇವೆ. ಈ ತನಕ ಅದನ್ನು ತೆಗೆದು ಓದುವ ಸಂದರ್ಭ ಒಮ್ಮೆ ಮಾತ್ರ ಬಂದಿದೆ.

ಒಂಟಿಯಾಗಿ ಕೊಳ್ಳುವ ಅನುಕೂಲವನ್ನು ಹೊಗಳುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಗ್ಲೈಡರನ್ನು ಒಬ್ಬನೇ ಹಾರಿಸಬಹುದು, ಆದರೆ ಒಬ್ಬನೇ ಹಾರಲಾರ. ಟ್ರೇಲರಿನಿಂದ ರೆಕ್ಕೆ ತೆಗೆದು ಜೋಡಿಸಲು ಎರಡು ಮೂರು ಜನ ಬೇಕು. ಹಗ್ಗ ಸಿಕ್ಕಿಸಲು, ಹೊರಡುವಾಗ ರೆಕ್ಕೆಯ ತುದಿ ಹಿಡಿದು ಓಡಲು ಜನ ಬೇಕು. ಗಾಳಿ ಕೈಕೊಟ್ಟು ಯಾವನೋ ರೈತನ ಹೊಲದಲ್ಲಿ ಇಳಿದರೆ, ಕತ್ತಲಾಗುವ ಮುನ್ನ ಟ್ರೇಲರ್ ಎಳೆದುಕೊಂಡು ಬರಲು ಮನೆಯವರೇ ಬೇಕು. ಮನೆಯವರ ಮನಸ್ಸಿಲ್ಲದೆ ಕೊಂಡ ಗ್ಲೈಡರ್ ಟ್ರೇಲರಿನೊಳಗೇ ಹಳತಾಗುತ್ತದೆ. ನಾವು ಜಾರ್ಜಿಯಾದಲ್ಲಿ ನೋಡಿದ್ದೂ ಬಹುಶಃ ಅಂಥದನ್ನೇ.

ನಮ್ಮ ಹಿರಿಯರ ಊರುಗಳಲ್ಲಿ ನಾಟಿ, ಕೊಯ್ಲುಗಳ ಕಾಲಕ್ಕೆ ಮುಯ್ಯಾಳಿನ ಪದ್ಧತಿ ಇತ್ತು. ಇಂದು ನಿನ್ನ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀನು. ಕೂಲಿಯ ಲೆಕ್ಕವಿಲ್ಲ, ಆದರೆ ಋಣದ ನೆನಪಿತ್ತು. ಆ ಪದ್ಧತಿಯನ್ನು ನಾವು ಮತ್ತೆ ಕಂಡದ್ದು ವರ್ಜೀನಿಯಾದ ಹುಲ್ಲುಗಾವಲಿನಲ್ಲಿ. ಭಾರತದಲ್ಲಿಯೂ ಪುಣೆಯ ಹಡಪಸರ್‌ನಂಥ ಗ್ಲೈಡಿಂಗ್ ಕೇಂದ್ರಗಳಲ್ಲಿ ಹಂಚಿಕೊಂಡ ಗ್ಲೈಡರಿನಲ್ಲಿಯೇ ಜನ ಕಲಿತರು. ಅಲ್ಲಿಯ ನಾಗರಿಕ ವಿಮಾನಯಾನ ಇಲಾಖೆ ತಾನು ರೂಪಿಸಿದ ಗ್ಲೈಡರುಗಳಿಗೆ ಅಶ್ವಿನಿ, ಭರಣಿ, ರೋಹಿಣಿ ಎಂದು ನಕ್ಷತ್ರಗಳ ಹೆಸರಿಟ್ಟಿತ್ತು. ನಮ್ಮ 1-26ಕ್ಕೂ ಮಕ್ಕಳು ರೋಹಿಣಿಯೆಂದೇ ಕರೆಯುತ್ತಾರೆ.

1911ರ ಅಕ್ಟೋಬರ್ 24ರಂದು ಆರ್ವಿಲ್ ರೈಟ್ ಅದೇ ಕಿಲ್ ಡೆವಿಲ್ ಹಿಲ್ಸ್‌ನ ಗಾಳಿಯಲ್ಲಿ ಎಂಜಿನ್ ಇಲ್ಲದೆ 9 ನಿಮಿಷ 45 ಸೆಕೆಂಡ್ ತೇಲಿದರು. ಕಳೆದ ಅಕ್ಟೋಬರಿನ ಒಂದು ಮಧ್ಯಾಹ್ನ ನಮ್ಮ ಮೂರನೆಯ ಕುಟುಂಬದ ಸ್ನೇಹಿತರು ರೋಹಿಣಿಯಲ್ಲಿ ಒಂದು ಗಂಟೆ ಹತ್ತು ನಿಮಿಷ ಇದ್ದು ಇಳಿದರು. ಕೆಳಗೆ ಅವರ ಪತ್ನಿ ಚಿತ್ರಾನ್ನದ ಡಬ್ಬಿ ಬಿಚ್ಚಿ ಎಲ್ಲರಿಗೂ ಬಡಿಸುತ್ತಿದ್ದರು. ರೆಕ್ಕೆ ಹಿಡಿದು ಓಡಿದ್ದು ನಮ್ಮ ಹದಿನೈದರ ಮಗಳು. ಆ ಗ್ಲೈಡರ್ ಯಾರದೆಂದು ದಾರಿಹೋಕರೊಬ್ಬರು ಕೇಳಿದಾಗ ಅವಳು ‘ನಮ್ಮದು’ ಎಂದಳು. ಆ ‘ನಮ್ಮ’ದಲ್ಲಿ ಮೂರು ಮನೆಗಳೂ ಇದ್ದವು.

ಆಸಕ್ತರು ಕಾರ್ಯಕಾರಿ ಸಮಿತಿಯ ಮೂಲಕ ನಮ್ಮನ್ನು ಸಂಪರ್ಕಿಸಬಹುದು. ಮುಂಗಡ ಕಳುಹಿಸುವ ಮುನ್ನ ಒಂದು ಶನಿವಾರ ನಮ್ಮೊಡನೆ ಬಂದು ಹುಲ್ಲಿನ ಮೇಲೆ ಕುಳಿತು ಹೋಗಿ ಎಂಬುದೇ ನಮ್ಮ ಕೋರಿಕೆ.