ಬಾಣಂತಿಯನ್ನೂ ಒಮ್ಮೆ ಕೇಳೋಣ

ಭಟ್ಕಳ, ಹೊನ್ನಾವರ, ಕುಮಟಾದ ನಮ್ಮ ಬ್ಯಾರಿ ಮನೆಗಳಿರಲಿ, ನೆರೆಯ ನವಾಯತ ಮನೆಗಳಿರಲಿ, ಬಾಣಂತನಕ್ಕೆ ಯಾರೂ ಕಡಿಮೆ ಮಾಡುವುದಿಲ್ಲ. ಎಣ್ಣೆ, ಬಿಸಿನೀರು, ಕಷಾಯ, ಕೋಳಿಸಾರು ಎಲ್ಲವೂ ನಲವತ್ತು ದಿನ ನಡೆಯುತ್ತದೆ. ಆದರೆ ನೋಡಲು ಬಂದವರೆಲ್ಲ ಕೇಳುವುದು ಮಗುವಿನ ಬಗ್ಗೆ. "ನಿನಗೆ ನಿದ್ದೆ ಬರ್ತದಾ ಮಗಳೇ?" ಎಂದು ಕೇಳುವವರು ಎಷ್ಟು ಮಂದಿ?

ಹೆರಿಗೆಯಾದ ಮೊದಲ ಎರಡು ವಾರ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ. ಅದು ತಾನಾಗಿಯೇ ಕಡಿಮೆಯಾಗುತ್ತದೆ. ಆಮೇಲೂ ಹೆದರಿಕೆ ಬಿಡದಿದ್ದರೆ ಎಚ್ಚರ ಬೇಕು. ಮಗು ಮಲಗಿದರೂ ತಾಯಿಗೆ ನಿದ್ದೆ ಇಲ್ಲ. ಉಸಿರಾಡುತ್ತಿದೆಯೇ ಎಂದು ರಾತ್ರಿಯಿಡೀ ಮತ್ತೆ ಮತ್ತೆ ನೋಡುತ್ತಾಳೆ. ಎದೆ ಢವಢವ. 'ನನ್ನ ಕೈಯಿಂದಲೇ ಮಗುವಿಗೆ ಏನಾದರೂ ಆದರೆ?' ಎಂಬ ಬೇಡದ ಯೋಚನೆ ನುಗ್ಗುತ್ತದೆ. ನಾಚಿಕೆಯಿಂದ ಉಮ್ಮನಿಗೂ ಹೇಳುವುದಿಲ್ಲ, ಗಲ್ಫ್‌ನಲ್ಲಿರುವ ಗಂಡನಿಗೂ ಹೇಳುವುದಿಲ್ಲ. ಇಂಥ ಯೋಚನೆಗೆ ಬೆಚ್ಚಿಬೀಳುವವಳು ಕೆಟ್ಟ ತಾಯಿಯಲ್ಲ. ಇದು ಆತಂಕದ ಕಾಯಿಲೆ, ಚಿಕಿತ್ಸೆಯಿಂದ ವಾಸಿಯಾಗುತ್ತದೆ.

"ನಾವು ಹತ್ತು ಹೆತ್ತಿಲ್ವಾ?", "ಈಮಾನ್ ಕಡಿಮೆಯಾಗಿದೆ" ಎನ್ನುವ ಮಾತು ನಿಲ್ಲಬೇಕು. ಬಾಣಂತಿಗೆ ನಮಾಝ್, ಉಪವಾಸದಿಂದಲೇ ವಿನಾಯಿತಿ ಇದೆ. ದೀನ್ ಹಗುರ ಮಾಡಿದ ಹೆಗಲಿಗೆ ನಾವು ಭಾರ ಹೊರಿಸುವುದೇಕೆ? ದುಆ ಮಾಡಿಸಿ, ಬೇಡ ಅನ್ನುವವರಿಲ್ಲ. ಆದರೆ ಕಣ್ಣುದೃಷ್ಟಿ, ಜಿನ್ನ್ ಎಂದು ವೈದ್ಯರ ಬಳಿ ಹೋಗುವುದನ್ನು ಮುಂದೆ ಹಾಕಬೇಡಿ. ರಕ್ತಹೀನತೆ, ಥೈರಾಯ್ಡ್ ಏರುಪೇರು ಕೂಡ ಇಂಥದ್ದೇ ತಳಮಳ ತರಬಹುದು.

ಎಲ್ಲಿಗೆ ಹೋಗುವುದು? ಹೆರಿಗೆಯ ನಂತರ 42ನೇ ದಿನದವರೆಗೆ ಆಶಾ ಕಾರ್ಯಕರ್ತೆ ಮನೆಗೆ ಬರಬೇಕು. ಮಗುವಿನ ತೂಕದ ಜೊತೆ ತಾಯಿಯ ನಿದ್ದೆಯ ವಿಷಯವನ್ನೂ ಅವರಿಗೆ ಹೇಳಿ. ರಾಜ್ಯದ ಮನೋಚೈತನ್ಯ ಯೋಜನೆಯಡಿ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಸೇವೆಗೆ ವ್ಯವಸ್ಥೆಯಿದೆ. ನಿಮ್ಮ ಆಸ್ಪತ್ರೆಯಲ್ಲಿ ಯಾವ ಮಂಗಳವಾರ ಎಂದು ವಿಚಾರಿಸಿ ಹೋಗಿ. ಸೇವೆ ಸಿಗದಿದ್ದರೆ ಕೇಳುವ ಕೆಲಸ ಜಮಾಅತ್‌ಗಳದ್ದು. ಮನೆಯಿಂದ ಹೊರಡಲಾಗದವರು ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಶುರುವಾದ ಈ ಸೇವೆ ಉಚಿತ, ಹಗಲುರಾತ್ರಿ ಲಭ್ಯ, ಕನ್ನಡದಲ್ಲೂ ಮಾತಾಡುತ್ತಾರೆ. ಇಲ್ಲದ ಧ್ವನಿ ಕೇಳಿಸುವುದು, ಗೊಂದಲದ ಮಾತು, ಸಾಯುವ ಯೋಚನೆ ಕಂಡರೆ ಒಂದು ಗಂಟೆಯೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಮಗುವನ್ನು ದೂರ ಮಾಡುತ್ತಾರೆಂಬ ಹೆದರಿಕೆ ಬೇಡ. ಚಿಕಿತ್ಸೆಗೆ ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸಬಾರದು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ, ಮಗು ಒಟ್ಟಿಗೇ ಇರುವ ವಾರ್ಡ್ ಇದೆ. ಹಾಲೂಡಿಸುವವರಿಗೆ ಹೊಂದುವ ಔಷಧಿಗಳೂ ಇವೆ. ವೈದ್ಯರು ಕೊಟ್ಟದ್ದನ್ನು ನಾವಾಗಿ ನಿಲ್ಲಿಸಬಾರದು, ಅಷ್ಟೆ.

ಮನೆಯಲ್ಲಿ ಮಾಡಬಹುದಾದದ್ದೂ ಇದೆ. ರಾತ್ರಿ ಒಂದು ಹೊತ್ತು ಉಮ್ಮನೋ ಅತ್ತೆಯೋ ಮಗುವನ್ನು ಎತ್ತಿಕೊಂಡರೆ ತಾಯಿಗೆ ನಾಲ್ಕು ತಾಸು ನಿದ್ದೆ ಸಿಗುತ್ತದೆ. ದುಬೈಯಿಂದ ವೀಡಿಯೊ ಕರೆ ಮಾಡುವ ಗಂಡ ಮಗುವಿನ ಮುಖ ನೋಡುವ ಮೊದಲು ಹೆಂಡತಿಯ ಮುಖ ನೋಡಲಿ. "ನೀನು ಹೇಗಿದ್ದೀ?" ಎಂದು ಕೇಳಿ, ಉತ್ತರ ಬರುವವರೆಗೆ ಕಾಯಲಿ.